ಮನೆವಾರ್ತೆ: ಗಾಳಿ ತೆಗೆದ ಚೀಲ

ಮೇ ತಿಂಗಳ ಕೊನೆಯಲ್ಲಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಮಂಗಳೂರಿನ ಗಾಡಿ ಬಂದು ನಿಂತಾಗ ಇಳಿಯುವವರ ಸಾಮಾನನ್ನು ನೋಡಿದರೆ ಸಾಕು, ಆ ವರ್ಷ ಊರಿನಲ್ಲಿ ಏನೇನು ಬೆಳೆಯಿತು, ಏನೇನು ಒಣಗಿತು ಎಂಬುದು ತಿಳಿದುಹೋಗುತ್ತದೆ. ಕುಚ್ಚಲಕ್ಕಿಯ ಚೀಲ, ಹಲಸಿನ ಹಪ್ಪಳದ ಕಟ್ಟು, ಸಂಡಿಗೆಯ ಡಬ್ಬಿ, ಮಸಾಲೆಪುಡಿ, ಕೋರಿ ರೊಟ್ಟಿ, ಮತ್ತು ಯಾವ ಚೀಲದಲ್ಲಿದೆಯೆಂದು ಯಾರೂ ಹೇಳದಿದ್ದರೂ ಇಡೀ ಡಬ್ಬಿಗೆ ತಿಳಿದಿರುವ ಒಣಮೀನು. ಕೊಂಕಣ ರೈಲು 1998ರಲ್ಲಿ ಆರಂಭವಾದಾಗ ಈ ದಾರಿಯ ಗಾಡಿಯೊಂದಕ್ಕೆ ಮತ್ಸ್ಯಗಂಧವೆಂದು ಹೆಸರಿಟ್ಟವರು ನಮ್ಮ ಗಂಟುಗಳನ್ನು ಬಲ್ಲವರೇ ಆಗಿರಬೇಕು. ಹುಬ್ಬಳ್ಳಿ, ವಿಜಾಪುರದ ಕಡೆಯಿಂದ ಹಿಂತಿರುಗುವ ನಮ್ಮ ಬಂಧುಗಳ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿ ಇರುತ್ತವೆ. ಊರಿಗೆ ಹೋಗಲಾರದವರು ಲಾಲ್‌ಬಾಗಿನ ಮೆಣಸಿನಕಾಯಿ ಗಲ್ಲಿಯಲ್ಲಿ ನಿಂತು, ವರ್ಷಕ್ಕಾಗುವ ಮಸಾಲೆಯನ್ನು ಕುಟ್ಟಿಸಿಕೊಂಡು, ಸೀನುತ್ತ ಮನೆಗೆ ಬರುತ್ತಾರೆ.

ಇಷ್ಟೆಲ್ಲ ಒಟ್ಟುಗೂಡಿಸಿ ಹದಿನೈದು ದಿನ ಆಗುವುದರೊಳಗೆ ಮಳೆ ಹಿಡಿಯುತ್ತದೆ. ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಸಾಂತಾಕ್ರೂಜ್ ಕಡೆ ಬೀಳುವ ನೀರು ಸರಾಸರಿ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿದ್ದು. ನೀರು ಹೊರಗೆ ಬೀಳುವುದು ಸರಿಯಷ್ಟೆ; ಅದರ ತೇವ ಮಾತ್ರ ಡಬ್ಬಿಯೊಳಗೆ ಬಂದು ಕುಳಿತುಕೊಳ್ಳುತ್ತದೆ. ಹಪ್ಪಳ ಚರ್ಮದಂತೆ ಬಾಗುತ್ತದೆ, ಮೆಣಸಿನ ಪುಡಿ ಮುದ್ದೆ ಕಟ್ಟುತ್ತದೆ, ರವೆಯಲ್ಲಿ ಬಲೆ, ಅಕ್ಕಿಯಲ್ಲಿ ನುಸಿ. ಆಗಸ್ಟಿನಲ್ಲಿ ಡಬ್ಬಿ ತೆರೆದು, ಅಮ್ಮನೋ ಅತ್ತೆಯೋ ಬಿಸಿಲಿನಲ್ಲಿ ಕುಳಿತು ಮಾಡಿ ಕಳುಹಿಸಿದ್ದನ್ನು ಕಸದ ಬುಟ್ಟಿಗೆ ಸುರಿಯುವಾಗ ಆಗುವ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ.

ಆದುದರಿಂದಲೇ ಇರಬೇಕು, ಮನೆಯಲ್ಲಿಯೇ ಚೀಲದ ಗಾಳಿ ತೆಗೆದು ಮೊಹರು ಹಾಕುವ ವ್ಯಾಕ್ಯೂಮ್ ಸೀಲರ್ ಎಂಬ ಯಂತ್ರದ ವಿಷಯವಾಗಿ ಈಚೆಗೆ ನಮ್ಮನ್ನು ಕೇಳುವವರು ಹೆಚ್ಚಾಗಿದ್ದಾರೆ. ಕೊಳ್ಳಬಹುದೇ, ಕೊಂಡರೆ ಯಾವುದು, ಕೊಂಡ ಮೇಲೆ ಮೂಲೆಗೆ ಬೀಳುವುದಿಲ್ಲವೇ ಎಂದು ಡೊಂಬಿವಲಿಯ ಒಬ್ಬ ಸೋದರಿ ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದರು. ನಮ್ಮ ಮನೆಗೆ ಇದು ಬಂದು ಎರಡು ವರ್ಷವಾಯಿತು. ಅದರಿಂದ ಪಡೆದ ಲಾಭವನ್ನೂ, ಮಾಡಿಕೊಳ್ಳಲಿದ್ದ ದೊಡ್ಡದೊಂದು ಅನಾಹುತವನ್ನೂ ಮುಚ್ಚಿಡದೆ ಇಲ್ಲಿ ಹೇಳುತ್ತೇವೆ.

ಮೊದಲು ಯಂತ್ರ ಮಾಡುವುದೇನೆಂಬುದನ್ನು ತಿಳಿಯೋಣ. ಹೆಸರು ಹೊಸದಾದರೂ ತತ್ತ್ವ ನಮ್ಮ ಹಿರಿಯರು ಬಲ್ಲದ್ದೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿದ ಆ ಕಣಜದ ಬಾಯಿಯನ್ನು ಮಣ್ಣಿನಿಂದ ಮುಚ್ಚಿದರೆ, ಒಳಗಿನ ಕಾಳೂ ಹುಳುವೂ ಉಸಿರಾಡಿ ಉಸಿರಾಡಿ ಅಲ್ಲಿದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಬಳಿಕ ಹುಳು ಬದುಕಲಾರದು, ಕಾಳು ಉಳಿಯುತ್ತದೆ. ಹಗೇವು ತೆರೆದ ಕೂಡಲೇ ಒಳಗಿಳಿಯಕೂಡದು, ಮೊದಲು ದೀಪ ಇಳಿಸಿ ಅದು ಉರಿಯುತ್ತದೆಯೇ ನೋಡಬೇಕು ಎಂಬ ಕಟ್ಟಳೆ ಇದ್ದುದು ಇದಕ್ಕಾಗಿಯೇ. ಅವಸರಪಟ್ಟು ಇಳಿದು ಉಸಿರುಗಟ್ಟಿ ಸತ್ತವರ ಕಥೆಗಳನ್ನು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಹಗೇವಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಕೆಲಸವನ್ನು ಈ ಯಂತ್ರ ಅರ್ಧ ನಿಮಿಷದಲ್ಲಿ, ಆದರೆ ಅಪೂರ್ಣವಾಗಿ, ಮಾಡುತ್ತದೆ. ಪುಟ್ಟ ಪಂಪೊಂದು ಗಾಳಿಯನ್ನು ಹೀರುತ್ತದೆ. ಹೀರಿದ ಮೇಲೆ ಕಾದ ಪಟ್ಟಿಯೊಂದು ಚೀಲದ ಬಾಯಿಯನ್ನು ಕರಗಿಸಿ ಅಂಟಿಸುತ್ತದೆ. ಚೀಲ ಒಳಗಿನ ವಸ್ತುವಿಗೆ ಬಿಗಿಯಾಗಿ ಅಪ್ಪಿಕೊಳ್ಳುವುದನ್ನು ನೋಡಿ ಯಂತ್ರವೇ ಒತ್ತುತ್ತದೆಂದು ಭಾವಿಸುವವರುಂಟು. ಒತ್ತುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿರುವ ನಮ್ಮ ಮುಂಬಯಿಯಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು ಗಾಳಿ ಸದಾ ಒತ್ತುತ್ತಿರುತ್ತದೆ. ಒಳಗಿನದನ್ನು ತೆಗೆದೊಡನೆ ಆ ಒತ್ತಡ ಕಣ್ಣಿಗೆ ಕಾಣುತ್ತದೆ, ಅಷ್ಟೆ. ಕೋರಿ ರೊಟ್ಟಿಯನ್ನು ಇದರಲ್ಲಿ ಹಾಕಿ ಪುಡಿಯಾಗಿಸಿಕೊಂಡ ಮೇಲೆ ನಮಗೆ ಈ ಪಾಠ ಚೆನ್ನಾಗಿ ಮನದಟ್ಟಾಯಿತು.

ಇನ್ನು ನಮ್ಮ ತಪ್ಪಿನ ಕಥೆ. ಹಿರಿಯ ಮಗ ಓದುವುದಕ್ಕೆಂದು ಜರ್ಮನಿಗೆ ಹೊರಟಿದ್ದ. ಯಂತ್ರ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಅವನಿಗೆ ಕಡಲೆ ಗಸಿಯೆಂದರೆ ಪ್ರಾಣ. ಊರಿನಿಂದ ಬಂದಿದ್ದ ಅವನ ಅಜ್ಜಿ, ಅಂದರೆ ನಮ್ಮ ಅತ್ತೆ, ಮುಂದೆ ನಿಂತು ಶನಿವಾರ ರಾತ್ರಿ ಗಸಿ ಮಾಡಿಸಿದರು. ಆರಿದ ಮೇಲೆ ನಾಲ್ಕು ಚೀಲಗಳಲ್ಲಿ ತುಂಬಿ, ಗಾಳಿ ತೆಗೆದು, ಮೊಹರು ಹಾಕಿ, ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು ಅಡುಗೆಮನೆಯ ಕಟ್ಟೆಯ ಮೇಲೆಯೇ ಇಟ್ಟೆವು. ಅಂಗಡಿಯಲ್ಲಿ ದೊರೆಯುವ ಬಿಸಿಬೇಳೆ ಭಾತಿನ ಪೊಟ್ಟಣ ತಿಂಗಳುಗಟ್ಟಲೆ ಹೊರಗೇ ಇರುತ್ತದಲ್ಲ, ನಮ್ಮದೇಕೆ ಇರಬಾರದು ಎಂಬುದು ನಮ್ಮ ತರ್ಕ. ಸೋಮವಾರ ರಾತ್ರಿ ವಿಮಾನ. ಸೋಮವಾರ ಬೆಳಿಗ್ಗೆ ನೋಡುತ್ತೇವೆ, ಒಂದು ಚೀಲ ಪೂರಿಯಂತೆ ಉಬ್ಬಿದೆ. ಉಳಿದ ಮೂರು ಮೊದಲಿನ ಹಾಗೆಯೇ ಬಿಗಿಯಾಗಿ, ನೋಡಲು ಅಂದವಾಗಿ ಇವೆ.

“ಒಂದು ಉಬ್ಬಿದರೆ ಉಳಿದ ಮೂರಕ್ಕೇನಾಯ್ತು ಮಾರಾಯ್ತಿ? ಇಷ್ಟು ತೆಂಗಿನಕಾಯಿ ತುರಿದು ಅರೆದದ್ದು ಬಿಸಾಡುವುದಾ?” ಎಂದು ಅತ್ತೆ ಕೇಳಿದರು. ನಮಗೂ ಹಾಗೆಯೇ ಅನ್ನಿಸಿತ್ತು. ಆ ಹೊತ್ತಿಗೆ ಮಗನನ್ನು ಹರಸಿ ಹೋಗಲು ಮೇಲಿನ ಮಹಡಿಯ ಹಿರಿಯ ಸೋದರಿ ಇಳಿದು ಬಂದದ್ದು ನಮ್ಮ ಪುಣ್ಯ. ಅವರು ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತರಾದವರು. ಚೀಲಗಳನ್ನು ನೋಡಿ ಕೈಯಿಂದ ಮುಟ್ಟಲೂ ಇಲ್ಲ. “ಅಕ್ಕಾರ, ಉಬ್ಬಿದ್ದು ಪಾಪ, ತಾ ಕೆಟ್ಟೇನಿ ಅಂತ ಹೇಳಲಿಕ್ಕತ್ತದ. ನನಗ ಅಂಜಿಕಿ ಇರೋದು ಉಳಿದ ಮೂರರದ್ದು” ಎಂದರು. ನಾಲ್ಕೂ ಚೀಲಗಳು, ತೆರೆಯದೆಯೇ, ಇನ್ನೊಂದು ಚೀಲದಲ್ಲಿ ಕಟ್ಟಿ ಕಸಕ್ಕೆ ಹೋದವು. ಅತ್ತೆ ಆ ದಿನ ನಮ್ಮೊಡನೆ ಹೆಚ್ಚು ಮಾತಾಡಲಿಲ್ಲ.

ಅವರು ಹೇಳಿದ್ದರ ಸಾರ ಇಷ್ಟು. ಅನ್ನಾಹಾರವನ್ನು ಕೆಡಿಸುವ ಬೂಷ್ಟು ಮತ್ತು ಬಹುಪಾಲು ಕ್ರಿಮಿಗಳಿಗೆ ಗಾಳಿ ಬೇಕು. ಗಾಳಿ ತೆಗೆದರೆ ಅವುಗಳ ಆಟ ನಿಧಾನವಾಗುತ್ತದೆ. ಆದರೆ ಗಾಳಿ ಇಲ್ಲದ ಕಡೆಯಲ್ಲಿಯೇ ಸೊಂಪಾಗಿ ಬೆಳೆಯುವ ಕ್ರಿಮಿಗಳೂ ಉಂಟು. ಅವುಗಳಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬುದು ಅತ್ಯಂತ ಕ್ರೂರವಾದದ್ದು. ಮಣ್ಣಿನಲ್ಲಿ ಎಲ್ಲೆಡೆ ಇರುವ ಇದರ ಬೀಜಾಣು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ನಮ್ಮ ಕುದಿಸುವಿಕೆಯಿಂದ ಅದರ ಎದುರಾಳಿಗಳೆಲ್ಲ ಸತ್ತು, ಗಾಳಿಯೂ ಹೋಗಿ, ತೇವವಿದ್ದು, ಹುಳಿ ಕಡಿಮೆಯಿದ್ದು, ಹೊರಗಿನ ಶಾಖದಲ್ಲಿ ಇಟ್ಟರೆ, ಅದಕ್ಕೆ ನಾವೇ ಮನೆ ಕಟ್ಟಿ ಗೃಹಪ್ರವೇಶ ಮಾಡಿಸಿದಂತೆ. ಅದು ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಚೀಲ ಉಬ್ಬಲೇಬೇಕೆಂಬ ನಿಯಮವೂ ಇಲ್ಲ. ತಿಂದವರಿಗೆ ಸಾಮಾನ್ಯವಾಗಿ ಹನ್ನೆರಡರಿಂದ ಮೂವತ್ತಾರು ಗಂಟೆಗಳೊಳಗೆ, ಕೆಲವೊಮ್ಮೆ ಕೆಲವು ದಿನಗಳ ಬಳಿಕ, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಮೊದಲಾಗುತ್ತದೆ. ಮುಂದುವರಿದರೆ ಉಸಿರಾಟಕ್ಕೇ ಬರುತ್ತದೆ. ಇಂಥ ಲಕ್ಷಣ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡತಕ್ಕದ್ದು. ಈ ರೋಗ ಅಪರೂಪವೆಂಬುದು ನಿಜ. ಆದರೆ ಪರದೇಶದಲ್ಲಿ ಒಬ್ಬನೇ ಕೋಣೆಯಲ್ಲಿರುವ ಹುಡುಗ, ತಾಯಿ ಕಟ್ಟಿಕೊಟ್ಟದ್ದೆಂಬ ಒಂದೇ ನಂಬಿಕೆಯಿಂದ ಆ ಗಸಿಯನ್ನು ಬಿಸಿ ಮಾಡಿಯೂ ಮಾಡದೆಯೂ ತಿನ್ನುವುದನ್ನು ನೆನೆದು ನಮಗೆ ಎಷ್ಟೋ ರಾತ್ರಿ ನಿದ್ರೆ ಬರಲಿಲ್ಲ.

ಹಾಗಾದರೆ ಅಂಗಡಿಯ ಪೊಟ್ಟಣದ ಗುಟ್ಟೇನು? ಅದರ ಹಿಂದೆ ನಮ್ಮ ಮೈಸೂರಿನ ಕೈವಾಡವೂ ಉಂಟು. ಮಹಾರಾಜರ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಬಲ್ಲವರು ಬಹಳ. ಅದೇ ಊರಿನಲ್ಲಿ 1961ರಲ್ಲಿ ಸೈನ್ಯದ ಆಹಾರಕ್ಕೆಂದೇ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯ, ಗಡಿಯಲ್ಲಿರುವ ಸೈನಿಕನಿಗೆ ಪೊಟ್ಟಣದಲ್ಲಿ ಸಿದ್ಧ ಊಟ ಒದಗಿಸುವ ವಿಧಾನಗಳನ್ನು ರೂಪಿಸಿತು. ಆ ವಿಧಾನದಲ್ಲಿ ಊಟವನ್ನು ಚೀಲದಲ್ಲಿ ತುಂಬಿ ಮೊಹರು ಹಾಕಿದ ಬಳಿಕ, ಚೀಲದ ಸಮೇತ, ಒತ್ತಡದ ಆವಿಯಲ್ಲಿ ಸುಮಾರು 121 ಡಿಗ್ರಿಗೆ ಲೆಕ್ಕ ಹಾಕಿದಷ್ಟು ಹೊತ್ತು ಕಾಯಿಸುತ್ತಾರೆ. ಬೀಜಾಣು ಸಾಯುವುದು ಅಲ್ಲಿ. ಆ ಚೀಲವೇ ಬೇರೆ, ಆ ಯಂತ್ರವೇ ಬೇರೆ. ಮನೆಯ ಚೀಲವನ್ನು ಕುಕ್ಕರಿನಲ್ಲಿ ಹಾಕಿ ಅದನ್ನೇ ಮಾಡಬಹುದೆಂದು ಜಾಣರು ಹೊರಡಬಾರದು. ಚೀಲ ತಾಳುವುದಿಲ್ಲ, ಶಾಖ ಒಳಗಿನವರೆಗೆ ಮುಟ್ಟಿತೇ ಎಂದು ನೋಡಲು ನಮ್ಮಲ್ಲಿ ಸಾಧನವೂ ಇಲ್ಲ.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಒಣಗಿದ್ದು ಮೊಹರಾಗಿ ಕಪಾಟಿಗೆ. ಹಸಿಯದು ಮೊಹರಾಗಿ ನೇರವಾಗಿ ಹಿಮಗೂಡಿಗೆ. ನಡುವೆ ಮೂರನೆಯ ಜಾಗವಿಲ್ಲ. ಬೇಯಿಸಿದ್ದನ್ನು ಮೊಹರು ಹಾಕಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಇಟ್ಟರೂ, ಮುಚ್ಚಿದ ಪಾತ್ರೆಯಲ್ಲಿಟ್ಟಷ್ಟೇ, ಅಂದರೆ ಮೂರು ನಾಲ್ಕು ದಿನದೊಳಗೆ ಮುಗಿಸುವುದು. ಸುಲಿದ ಹಸಿ ಬೆಳ್ಳುಳ್ಳಿ, ಅಣಬೆ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿ ಇವನ್ನು ಗಾಳಿ ತೆಗೆದು ಹೊರಗಿಡುವ ಮಾತೇ ಬೇಡ. ದೋಸೆ ಹಿಟ್ಟಿಗೂ ಈ ಯಂತ್ರಕ್ಕೂ ಆಗಿಬರುವುದಿಲ್ಲ. ಅದು ಹುಳಿಯುತ್ತ ತಾನೇ ಗಾಳಿ ಹುಟ್ಟಿಸಿ ಚೀಲವನ್ನು ಉಬ್ಬಿಸುತ್ತದೆ.

ಇಷ್ಟು ಹೆದರಿಸಿದ ಮೇಲೆ ಯಂತ್ರ ಕೊಳ್ಳುವುದೇ ಬೇಡವೆಂದು ಓದುಗರು ಮುಖ ತಿರುಗಿಸಬಾರದು. ಒಣ ಪದಾರ್ಥಗಳ ಮಟ್ಟಿಗೆ ಇದು ನಿಜವಾಗಿಯೂ ಮಳೆಗಾಲದ ಬಂಧು. ಮಸಾಲೆಪುಡಿಯ ಪರಿಮಳ, ಬ್ಯಾಡಗಿಯ ಕೆಂಪು, ಗೋಡಂಬಿ ಶೇಂಗಾಗಳ ರುಚಿ, ಇವೆಲ್ಲ ಗಾಳಿ ಬೆಳಕುಗಳಿಂದ ಹಾಳಾಗುವಂಥವು. ಗಾಳಿ ತೆಗೆದು ಕತ್ತಲೆಯಲ್ಲಿಟ್ಟರೆ ಬಹುಕಾಲ ತಾಳುತ್ತವೆ. ಒಂದು ಷರತ್ತು: ಮೊದಲೇ ಚೆನ್ನಾಗಿ ಒಣಗಿರಬೇಕು. ಮೊಹರು ಒಳಗಿನ ತೇವವನ್ನು ತೆಗೆಯದು, ಹೊರಗಿನ ತೇವವನ್ನು ತಡೆಯುತ್ತದೆ ಅಷ್ಟೆ. ಆದ್ದರಿಂದ ಈ ಕೆಲಸವನ್ನು ಮೇ ತಿಂಗಳ ಬಿಸಿಲಿನಲ್ಲಿಯೇ ಮುಗಿಸಬೇಕು. ಜುಲೈಯಲ್ಲಿ ಮೆತ್ತಗಾದ ಹಪ್ಪಳಕ್ಕೆ ಮೊಹರು ಹಾಕಿದರೆ ಮೆತ್ತಗಿನ ಹಪ್ಪಳವೇ ಭದ್ರವಾಗುತ್ತದೆ. ಇನ್ನು ವರ್ಷದ ಮಸಾಲೆಯನ್ನು ಒಂದೇ ದೊಡ್ಡ ಚೀಲದಲ್ಲಿ ತುಂಬುವುದು ಅವಿವೇಕ. ಹದಿನೈದು ದಿನಕ್ಕೆ ಸಾಲುವಷ್ಟು ಒಂದೊಂದು ಪೊಟ್ಟಣ ಮಾಡಬೇಕು. ತೆರೆದ ಗಳಿಗೆಯಿಂದ ಅದು ಮಾಮೂಲಿ ಪೊಟ್ಟಣವೇ ತಾನೆ?

ಅಕ್ಕಿ, ರವೆ, ಬೇಳೆಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮನೆಯ ಯಂತ್ರ ಗಾಳಿಯನ್ನೆಲ್ಲ ತೆಗೆಯಲಾರದು. ಹತ್ತರಲ್ಲಿ ಆರೋ ಎಂಟೋ ಪಾಲು ತೆಗೆದರೆ ಹೆಚ್ಚು. ಉಳಿದದ್ದರಲ್ಲಿ ನುಸಿಯ ಮೊಟ್ಟೆ ಕೆಲಕಾಲ ಜೀವ ಹಿಡಿದಿರಬಹುದು. ಆದಕಾರಣ ಮೊಹರು ಹಾಕಿದ ಪೊಟ್ಟಣವನ್ನು ನಾಲ್ಕೈದು ದಿನ ಮೈನಸ್ 18 ಡಿಗ್ರಿಯ ಹಿಮಗೂಡಿನಲ್ಲಿಟ್ಟು, ಬಳಿಕ ಹೊರಗೆ ತೆಗೆದು, ತೆರೆಯದೆಯೇ ಒಂದು ದಿನ ಬಿಟ್ಟು, ಮೈ ಒರಸಿ ಕಪಾಟಿಗೆ ಸೇರಿಸಬೇಕು. ತಣ್ಣಗಿರುವಾಗಲೇ ತೆರೆದರೆ ಮುಂಬಯಿಯ ಗಾಳಿ ಅಕ್ಕಿಯ ಮೇಲೆ ಇಬ್ಬನಿ ಕೂರಿಸುತ್ತದೆ. ಒಂದೇ ಬಾಗಿಲಿನ ಚಿಕ್ಕ ಫ್ರಿಜ್ಜಿನ ಮೇಲ್ಗೂಡು ಎಷ್ಟೋ ವೇಳೆ ಇಷ್ಟು ತಣ್ಣಗಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಕೊಳ್ಳುವ ಮಾತಿಗೆ ಬರೋಣ. ಹೆಚ್ಚಿನವರ ಅಗತ್ಯಕ್ಕೆ, ನಮ್ಮ ಅಭಿಪ್ರಾಯದಲ್ಲಿ, ಗಾಳಿ ಹೀರದೆ ಬಾಯಿ ಮಾತ್ರ ಅಂಟಿಸುವ ಕೈಯಂತ್ರವೇ ಸಾಕು. ಸ್ಟೇಪ್ಲರಿನ ಅಣ್ಣನಂತಿರುವ, ಮೇಲಿನ ಹಿಡಿಯನ್ನು ಒತ್ತಿದರೆ ಕ್ಷಣಕಾಲ ತಂತಿ ಕಾಯುವ ಈ ಸಾಧನವನ್ನು ಫರಸಾಣ್ ಅಂಗಡಿಗಳಲ್ಲಿ ನೀವೆಲ್ಲ ನೋಡಿದ್ದೀರಿ. ಹಪ್ಪಳ, ಚಕ್ಕುಲಿ, ಖಡಕ್ ರೊಟ್ಟಿ, ಕೋರಿ ರೊಟ್ಟಿಗಳಿಗೆ ಇದೇ ಸರಿ. ತೇವ ತಡೆದರಾಯಿತು, ಗಾಳಿ ತೆಗೆದರೆ ಅವು ಪುಡಿಯಾಗುತ್ತವೆ. ಇದರ ಬೆಲೆಯೂ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ಮಸಾಲೆ, ಬೇಳೆಕಾಳು, ತುರಿದ ತೆಂಗಿನಕಾಯಿ, ಮೀನು ಇವನ್ನು ದೊಡ್ಡ ಪ್ರಮಾಣದಲ್ಲಿ ತರುವ ಕುಟುಂಬಗಳು ಮಾತ್ರ ಗಾಳಿ ಹೀರುವ ಯಂತ್ರವನ್ನು ಯೋಚಿಸಬಹುದು. ಅದರಲ್ಲಿಯೂ ಚೀಲದ ಬಾಯಿಯನ್ನಷ್ಟೇ ಯಂತ್ರದಲ್ಲಿಡುವ ಉದ್ದನೆಯ ಜಾತಿ ಮನೆಗೆ ಸರಿ. ಚೀಲವನ್ನೇ ಪೆಟ್ಟಿಗೆಯೊಳಗಿಟ್ಟು ಮುಚ್ಚುವ ಇನ್ನೊಂದು ಜಾತಿ ಸಾರನ್ನೂ ಚೆಲ್ಲದೆ ಮೊಹರು ಮಾಡುತ್ತದೆ, ನಿಜ. ಆದರೆ ಅದರ ಭಾರ, ಬೆಲೆ, ಗಾತ್ರ ಮೂರೂ ನಮ್ಮ ಒಂದೂವರೆ ಕೋಣೆಯ ಸಂಸಾರಗಳಿಗಲ್ಲ. ಅದನ್ನಿಡಲು ಅತಿಥಿಗಳನ್ನು ಹೊರಗೆ ಮಲಗಿಸಬೇಕಾದೀತು. ಕೈಪಂಪಿನಿಂದ ಗಾಳಿ ಎಳೆಯುವ ಜಿಪ್ ಚೀಲಗಳೂ ಬಂದಿವೆ. ವಾರ ಹದಿನೈದು ದಿನಕ್ಕೆ ಅಡ್ಡಿಯಿಲ್ಲ, ಆಮೇಲೆ ನಿಧಾನವಾಗಿ ಗಾಳಿ ಒಳಸೇರುವುದನ್ನು ನಾವು ಕಂಡಿದ್ದೇವೆ.

ಅಂಗಡಿಯಲ್ಲಿ ಯಂತ್ರಕ್ಕಿಂತ ಮೊದಲು ಚೀಲದ ಬೆಲೆ ಕೇಳಬೇಕು. ಯಂತ್ರ ಒಮ್ಮೆ ಕೊಳ್ಳುವುದು, ಚೀಲ ಬದುಕಿಡೀ ಕೊಳ್ಳುವುದು. ಉದ್ದನೆಯ ಯಂತ್ರಕ್ಕೆ ಒಳಮೈಯಲ್ಲಿ ಗೆರೆಗೆರೆ ಮೂಡಿಸಿದ ಚೀಲವೇ ಬೇಕು. ಆ ಗೆರೆಗಳ ಸಂದಿಯಿಂದ ಗಾಳಿ ಹೊರಬರುತ್ತದೆ, ನುಣುಪು ಚೀಲದ ಎರಡು ಮೈಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚುತ್ತವೆ. ಒಳ್ಳೆಯ ಚೀಲದಲ್ಲಿ ಒಳಗಡೆ ಕರಗಿ ಅಂಟುವ ಪಾಲಿಎಥಿಲೀನ್ ಪದರ, ಹೊರಗಡೆ ಆಮ್ಲಜನಕವನ್ನು ತಡೆಯುವ ನೈಲಾನ್ ಪದರ ಎರಡೂ ಇರುತ್ತವೆ. ಸಾದಾ ಪ್ಲಾಸ್ಟಿಕ್ ಚೀಲದ ಮೈಯಿಂದಲೇ ಆಮ್ಲಜನಕ ಮೆಲ್ಲಗೆ ನುಸುಳುತ್ತದೆ. ನಾವು ಯಂತ್ರಕ್ಕೆ ಕೊಟ್ಟದ್ದು ಮೂರು ಸಾವಿರದ ಚಿಲ್ಲರೆ. ಮೊದಲ ವರ್ಷ ಚೀಲಗಳಿಗೆ ಖರ್ಚಾದದ್ದನ್ನು ಕೂಡಿಸಿ ಮನೆಯವರು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಅದನ್ನು ಇಲ್ಲಿ ಪ್ರಕಟಿಸುವುದಿಲ್ಲ. ಒಣ ಪದಾರ್ಥ ತುಂಬಿದ್ದ ಚೀಲವನ್ನು ಅಂಚಿನಲ್ಲಿ ಮಾತ್ರ ಕತ್ತರಿಸಿ ತೆರೆದರೆ ತೊಳೆದು ಒಣಗಿಸಿ ಎರಡು ಮೂರು ಸಲ ಬಳಸಬಹುದು. ಮೀನು ಮಾಂಸ ಹಾಕಿದ್ದನ್ನು ಬಳಸಕೂಡದು.

ಯಂತ್ರವನ್ನು ನೋಡುವಾಗ ಮೊಹರಿನ ಪಟ್ಟಿ ಅಗಲವಾಗಿದೆಯೇ, ಗಾಳಿ ಹೀರುವುದನ್ನು ನಡುವೆ ನಿಲ್ಲಿಸಿ ಮೊಹರು ಮಾತ್ರ ಹಾಕುವ ಗುಂಡಿ ಇದೆಯೇ, ಹನಿ ಬಿದ್ದರೆ ಹಿಡಿಯುವ ತಟ್ಟೆ ಕಳಚಿ ತೊಳೆಯಲು ಬರುತ್ತದೆಯೇ ಎಂದು ನೋಡಿ. ಸುತ್ತಲಿನ ಕಪ್ಪು ಸ್ಪಂಜಿನ ಪಟ್ಟಿ ಸವೆಯುವಂಥದ್ದು. ಅದು ಬಿಡಿಯಾಗಿ ದೊರೆಯುತ್ತದೆಯೇ ಎಂದು ಕೇಳದೆ ಹಣ ಕೊಡಬೇಡಿ. ನಮ್ಮದರ ಪಟ್ಟಿ ಒಂದೂವರೆ ವರ್ಷಕ್ಕೆ ಸವೆದಾಗ, ಮಾರಿದವನು ಹೊಸ ಯಂತ್ರವನ್ನೇ ತೋರಿಸಿದ. ಕಡೆಗೆ ಲೋಹಾರ್ ಚಾಳಿನ ಒಂದು ಕಿರಿದಾದ ಅಂಗಡಿಯಲ್ಲಿ ಹೊಂದುವ ಪಟ್ಟಿ ಸಿಕ್ಕಿತು.

ಬಳಸುವ ಕೈಚಳಕ ಎರಡು ದಿನದಲ್ಲಿ ಬರುತ್ತದೆ. ತುಂಬುವ ಮೊದಲು ಚೀಲದ ಬಾಯಿಯನ್ನು ರವಿಕೆಯ ತೋಳಿನಂತೆ ಹೊರಕ್ಕೆ ಮಡಚಿಕೊಂಡರೆ ಅಂಟುವ ಜಾಗಕ್ಕೆ ಪುಡಿಯಾಗಲಿ ಎಣ್ಣೆಯಾಗಲಿ ತಾಗುವುದಿಲ್ಲ. ತಾಗಿದರೆ ಅಲ್ಲಿ ಮೊಹರು ಕೂರದು. ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಡಬೇಕು. ಸುಕ್ಕಿಲ್ಲದಂತೆ ಬಾಯಿಯನ್ನು ಎಳೆದು ಹಿಡಿಯಬೇಕು. ನುಣ್ಣನೆಯ ಪುಡಿ ಗಾಳಿಯೊಡನೆ ಪಂಪಿಗೇ ಹೊರಡುತ್ತದೆ. ಮೇಲೆ ಕಾಗದದ ಕರವಸ್ತ್ರವೊಂದನ್ನು ಮಡಚಿ ಇಟ್ಟರೆ ತಡೆಯುತ್ತದೆ. ಮೆಣಸಿನಕಾಯಿಯ ತೊಟ್ಟು ಚೀಲಕ್ಕೆ ಸೂಜಿಯಂತೆ ಚುಚ್ಚುವುದರಿಂದ ಮುರಿದೇ ಹಾಕಬೇಕು. ಐದಾರು ಚೀಲಗಳನ್ನು ಒಂದರ ಮೇಲೊಂದು ಮೊಹರು ಹಾಕುವ ಅವಸರದಲ್ಲಿ ಪಟ್ಟಿ ಅತಿಯಾಗಿ ಕಾಯುತ್ತದೆ; ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಮಾಡಿದ ಪೊಟ್ಟಣವನ್ನು ಒಂದು ರಾತ್ರಿ ಕಣ್ಣೆದುರೇ ಇಟ್ಟು, ಬೆಳಿಗ್ಗೆ ಸಡಿಲವಾಗಿದ್ದರೆ ಮತ್ತೆ ಮಾಡಿ. ಇದು ಒಣ ಪದಾರ್ಥದ ಮಾತು, ಹಸಿಯದ್ದಲ್ಲ. ಹೆಸರು, ತಾರೀಖು ಬರೆಯುವುದನ್ನು ಮರೆಯಬಾರದು. ಸಾರಿನ ಪುಡಿಯೆಂದು ಹುಳಿಯ ಪುಡಿ ಹಾಕಿದ್ದು ನಮ್ಮ ಮನೆಯಲ್ಲಿ ಎರಡು ಸಲ ನಡೆಯಿತು.

ಹಸಿಯ ಪದಾರ್ಥಗಳಲ್ಲಿ ನಮಗೆ ಅತಿ ಉಪಯೋಗವಾದದ್ದು ತೆಂಗಿನತುರಿ. ಚೀಲದಲ್ಲಿ ಹಾಸಿ, ಹಂಚಿನಂತೆ ಚಪ್ಪಟೆ ಮಾಡಿ ಹಿಮಗೂಡಿನಲ್ಲಿಟ್ಟರೆ ಬೇಕಾದಷ್ಟೇ ತುಂಡು ಮುರಿದುಕೊಳ್ಳಬಹುದು. ಮೇ ತಿಂಗಳ ಹಲಸಿನ ತೊಳೆಯೂ, ಬೇಯಿಸಿ ಹೋಳು ಮಾಡಿದ ಪತ್ರೊಡೆಯೂ ಹೀಗೆಯೇ ಬರುತ್ತವೆ. ನೀರಾಡುವ ಪದಾರ್ಥವನ್ನು ಮೊದಲು ಬಟ್ಟಲಿನಲ್ಲಿ ಹೆಪ್ಪುಗಟ್ಟಿಸಿ ಆಮೇಲೆ ಚೀಲಕ್ಕೆ ಹಾಕಿದರೆ ಯಂತ್ರಕ್ಕೆ ನೀರು ಹೋಗುವುದಿಲ್ಲ.

ಶಾಕಾಹಾರಿ ಓದುಗರು ಈ ಪ್ಯಾರಾವನ್ನು ದಾಟಿ ಹೋಗಬಹುದು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ನಮ್ಮವರು ಮೇ ಕೊನೆಯಲ್ಲಿ ಬಂಗುಡೆ ತಂದಿಡುವುದುಂಟು. ಶುಚಿ ಮಾಡಿ, ನೀರಿನ ಪಸೆ ಒರಸಿ, ತಟ್ಟೆಯಲ್ಲಿ ಎರಡು ಗಂಟೆ ಹಿಮಗೂಡಿನಲ್ಲಿಟ್ಟು ಗಟ್ಟಿಯಾದ ಮೇಲೆ ಮೊಹರು ಹಾಕಬೇಕು. ಬಂಗುಡೆ ಬೂತಾಯಿಗಳಂಥ ಎಣ್ಣೆಮೀನು ಹೀಗಿಟ್ಟರೂ ಎರಡು ಮೂರು ತಿಂಗಳೊಳಗೆ ಮುಗಿಯಲಿ. ಅಡುಗೆಗೆ ತೆಗೆಯುವಾಗ ಒಂದು ಮುಖ್ಯ ಮಾತು: ಚೀಲವನ್ನು ಮೊದಲು ಕತ್ತರಿಸಿ ತೆರೆದು, ಆಮೇಲೆ ಫ್ರಿಜ್ಜಿನ ಕೆಳಗೆ ಕರಗಲು ಬಿಡಿ. ಗಾಳಿ ಇಲ್ಲದ ಚೀಲದೊಳಗೇ ಮೀನು ಕರಗುತ್ತ ಬಿದ್ದಿರಬಾರದು. ಕಾರಣವನ್ನು ಮೇಲೆಯೇ ಹೇಳಿದೆವು.

ಅಡುಗೆಗೆ ಸಂಬಂಧಿಸದ ಒಂದು ಉಪಯೋಗವನ್ನೂ ಹೇಳಿಬಿಡುತ್ತೇವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಾವು ನೆಲಮಹಡಿಯಲ್ಲಿದ್ದೆವು. ಅಕ್ಕಿ ಬೇಳೆ ಹೋದದ್ದಕ್ಕೆ ಅಳಲಿಲ್ಲ. ಮನೆಯ ಕಾಗದಪತ್ರಗಳೂ ಮಕ್ಕಳ ಸರ್ಟಿಫಿಕೇಟುಗಳೂ ಅಂಬಲಿಯಂತಾದದ್ದಕ್ಕೆ ವರ್ಷವಿಡೀ ಕಚೇರಿಗಳನ್ನು ಅಲೆದೆವು. ಈಗ ಅವೆಲ್ಲ ಒಂದೊಂದು ಚೀಲದಲ್ಲಿ ಮೊಹರಾಗಿ ಮೇಲಿನ ಕಪಾಟಿನಲ್ಲಿವೆ. ಆದರೆ ಇಂಥ ನೆರೆಯ ಕೊಳಚೆಯಲ್ಲಿ ಮುಳುಗಿದ ಆಹಾರವನ್ನು, ಮನೆಯ ಮೊಹರು ಎಷ್ಟೇ ಬಿಗಿಯಾಗಿದ್ದರೂ, ತಿನ್ನಬಾರದು.

ಮಗನ ಸಂಗತಿಗೆ ಹಿಂತಿರುಗಿದರೆ, ಆ ಸೋಮವಾರ ಮಧ್ಯಾಹ್ನ ಗಸಿಯ ಜಾಗದಲ್ಲಿ ಏನು ಕಳುಹಿಸುವುದೆಂದು ಮನೆಯೆಲ್ಲ ಯೋಚನೆಯಾಯಿತು. ಮಾಂಸವನ್ನಾಗಲಿ, ಹಾಲು ತುಪ್ಪಗಳನ್ನಾಗಲಿ ನಮ್ಮಂಥ ಹೊರಗಿನ ದೇಶಗಳಿಂದ ಪ್ರಯಾಣಿಕರು ಯೂರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲವೆಂದು ಅವನೇ ಓದಿ ಹೇಳಿದ. ಅಜ್ಜಿಯ ತುಪ್ಪದ ಡಬ್ಬಿಯೂ ಉಳಿಯಿತು. ಕೊನೆಗೆ ಹುರಿದ ಮಸಾಲೆಪುಡಿ, ಸಾರಿನ ಪುಡಿ, ಒಣ ಕಡಲೆ ಇವನ್ನೇ ಸಣ್ಣ ಸಣ್ಣ ಪೊಟ್ಟಣ ಮಾಡಿ, ಪ್ರತಿಯೊಂದರ ಮೇಲೂ ಅಜ್ಜಿಯಿಂದ ಕೇಳಿ ಅಳತೆ ಬರೆದು ಅಂಟಿಸಿದೆವು. ಎಂಟು ತಿಂಗಳಾದ ಮೇಲೆ ಅವನಿಂದ ಫೋನು ಬಂತು. ಕೊನೆಯ ಪೊಟ್ಟಣ ಒಡೆದನಂತೆ. ಕೋಣೆಯೆಲ್ಲ ಊರಿನ ವಾಸನೆಯಂತೆ. ಆದರೆ ಚೀಟಿಯಲ್ಲಿ ಹುಣಿಸೆಹಣ್ಣಿನ ಅಳತೆಯನ್ನೇ ಬರೆದಿಲ್ಲವಂತೆ. ಅತ್ತೆ ಫೋನನ್ನು ನಮ್ಮ ಕೈಯಿಂದ ತೆಗೆದುಕೊಂಡು, “ನೆಲ್ಲಿಕಾಯಿಯಷ್ಟು ಹಾಕು ಮಗಾ, ಸಣ್ಣ ನೆಲ್ಲಿಕಾಯಿ” ಎಂದರು.